87 ಜನರ ಮೇಲೆ ನಿಂತ ಹತ್ತು ವರ್ಷ

ಹೃತ್ಕರ್ಣದ ಕಂಪನಕ್ಕೆ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್‌ಗೆ, ಮೇಜ್ ಶಸ್ತ್ರಚಿಕಿತ್ಸೆ ಶಾಶ್ವತ ಪರಿಹಾರವೆಂಬ ಖ್ಯಾತಿ ಅದರ ಸಾಕ್ಷ್ಯಕ್ಕಿಂತ ದೊಡ್ಡದಾಗಿ ಬೆಳೆದಿದೆ. 1987ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಕ್ಸ್ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆಯ ಕಥೆ ಗೊತ್ತಿದ್ದದ್ದೇ: ಹೃತ್ಕರ್ಣವನ್ನು ಕೊಯ್ದು ಹೊಲಿದು, ಆ ಕಲೆಗಳಿಂದಲೇ ದಾರಿ ತಪ್ಪಿದ ವಿದ್ಯುತ್ತಿಗೆ ಅಡ್ಡಗೋಡೆ ಕಟ್ಟುವುದು. ಮುಂದೆ ಕತ್ತರಿಯ ಜಾಗಕ್ಕೆ ಶಾಖ ಮತ್ತು ಅತಿಶೀತದ ಉಪಕರಣಗಳು ಬಂದವು. ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆಯ ಜೊತೆಗೇ ಇದನ್ನೂ ಮಾಡಿ ಎಂದು ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘ 2017ರಲ್ಲಿ ಅತ್ಯುನ್ನತ ದರ್ಜೆಯ ಶಿಫಾರಸು ಕೊಟ್ಟಿತು.

ಹೊಗಳುವವರೆಲ್ಲ ಎತ್ತಿ ಹಿಡಿಯುವುದು ಅದೇ ಸೇಂಟ್ ಲೂಯಿಸ್ ತಂಡದ ಒಂದು ವಾಕ್ಯವನ್ನು: ಲಯದ ತೊಂದರೆಯಿಲ್ಲದವರು ಒಂದನೇ ವರ್ಷ ಶೇ. 92, ಐದನೇ ವರ್ಷ ಶೇ. 84, ಹತ್ತನೇ ವರ್ಷ ಶೇ. 77. ಆ ವಾಕ್ಯವನ್ನು ಬಿಡಿಸಿ ನೋಡಬೇಕು. 2003ರಿಂದ 2018ರವರೆಗೆ ಶಸ್ತ್ರಚಿಕಿತ್ಸೆ ಆದವರು 853 ಜನ. ಮೊದಲ ಅಂಕಿಯ ಹಿಂದೆ 598 ಜನರಿದ್ದಾರೆ, ಎರಡನೆಯದರ ಹಿಂದೆ 253, ಮೂರನೆಯದರ ಹಿಂದೆ 87 ಮಾತ್ರ. ಅನೇಕರಿಗೆ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ, ನಿಜ. ತಂಡ ಏನನ್ನೂ ಮುಚ್ಚಿಟ್ಟಿಲ್ಲ, ಛೇದವನ್ನು ಅಂಕಿಯ ಪಕ್ಕದಲ್ಲೇ ಅಚ್ಚು ಹಾಕಿದೆ. ಛೇದ ಬಿಟ್ಟು ಅಂಕಿಯನ್ನಷ್ಟೇ ಉದ್ಧರಿಸುವವರದು ತಪ್ಪು. ಹತ್ತನೇ ವರ್ಷ ತಪಾಸಣೆಗೆ ಬಂದು ಕೂರುವವರು ಬದುಕುಳಿದವರು, ಓಡಾಡಬಲ್ಲವರು, ಆಸ್ಪತ್ರೆಯ ನಂಟು ಬಿಡದವರು. ಮೇಲಾಗಿ, ಆಗೊಮ್ಮೆ ಈಗೊಮ್ಮೆ ತೆಗೆದ ಇಸಿಜಿ, ದಿನವಿಡೀ ಲಯ ದಾಖಲಿಸುವ ಹೋಲ್ಟರ್‌ಗಳ ನಡುವೆ ಬಂದು ಹೋದ ಕಂಪನ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

2015ರ ಅಮೆರಿಕ–ಕೆನಡಾ ಪ್ರಯೋಗ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿತು. 260 ಜನರಲ್ಲಿ ಮೇಜ್ ಅಥವಾ ಅದಕ್ಕಿಂತ ಸಣ್ಣ, ಅದೇ ಬಗೆಯ ಚಿಕಿತ್ಸೆ ಪಡೆದವರಲ್ಲಿ ಶೇ. 63.2 ಮಂದಿಗೆ, ಪಡೆಯದವರಲ್ಲಿ ಶೇ. 29.4 ಮಂದಿಗೆ ಆರನೇ ತಿಂಗಳಲ್ಲೂ ವರ್ಷದ ಕೊನೆಯಲ್ಲೂ ಕಂಪನ ಇರಲಿಲ್ಲ. ಲಾಭ ದೊಡ್ಡದೇ. ಆದರೆ ಪೇಸ್‌ಮೇಕರ್ ಬೇಕಾದದ್ದು ಎರಡೂವರೆ ಪಟ್ಟಿಗಿಂತ ಹೆಚ್ಚು, ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಾವು ಕಡಿಮೆಯಾಗಲಿಲ್ಲ, ಆದ್ದರಿಂದ ಇದು ವ್ಯರ್ಥ ಎನ್ನುವ ವಿಮರ್ಶಕರನ್ನೂ ನಾನು ಒಪ್ಪುವುದಿಲ್ಲ. 260 ಜನ, ಒಂದು ವರ್ಷ: ಸಾವಿನ ಪ್ರಶ್ನೆಗೆ ಉತ್ತರಿಸುವ ಶಕ್ತಿಯೇ ಆ ಪ್ರಯೋಗಕ್ಕಿರಲಿಲ್ಲ. ಅವರು ಇಲ್ಲದ ಉತ್ತರವನ್ನು 'ಇಲ್ಲ' ಎಂದು ಓದಿದರು. ಬೆಂಬಲಿಗರು ಅದನ್ನೇ 'ಹೌದು' ಎಂದು ಓದಿ, ಲಯ ಮರಳಿತೆಂದರೆ ಆಯುಷ್ಯವೂ ಮರಳಿತು ಎನ್ನುತ್ತಾರೆ. ಇಬ್ಬರದೂ ಒಂದೇ ದೋಷ, ಎರಡನೆಯದು ಹೆಚ್ಚು ಹಾನಿಕರ, ಏಕೆಂದರೆ ಅದು ರೋಗಿಯ ಎದೆ ತೆರೆದಾಗ ಆಚರಣೆಗೆ ಬರುತ್ತದೆ.

ಈ ಅಂಕಿಗಳನ್ನು ನಮ್ಮ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಕ್ಕೆ ಹಾಗೇ ತರಲಾಗದು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕೆಟ್ಟು, ದುಡಿಯುವ ವಯಸ್ಸಿನಲ್ಲೇ ಕಲಬುರಗಿಯ ಜಯದೇವ ಆಸ್ಪತ್ರೆಗೋ ಬೆಂಗಳೂರಿಗೋ ಹೋಗುವ ರೋಗಿಯ ಹೃತ್ಕರ್ಣ ಎಷ್ಟೋ ವರ್ಷ ಒತ್ತಡದಲ್ಲಿ ಹಿಗ್ಗಿರುತ್ತದೆ. ಹಿಗ್ಗಿದಷ್ಟೂ ಕಂಪನ ಮರುಕಳಿಸುವ ಸಂಭವ ಹೆಚ್ಚು. ಅವರಿಗೆ ಲೋಹದ ಕವಾಟ ಹಾಕಿದರೆ ಲಯ ಸರಿಹೋದರೂ ರಕ್ತ ತೆಳುವಾಗಿಸುವ ಗುಳಿಗೆ ಜೀವನಪೂರ್ತಿ ತಪ್ಪದು. ಮೇಜ್‌ನ ಅತಿ ಆಕರ್ಷಕ ಭರವಸೆಯೇ, ಗುಳಿಗೆಯಿಂದ ಬಿಡುಗಡೆ, ಅಲ್ಲಿಗೆ ಬಿದ್ದುಹೋಗುತ್ತದೆ. ರಕ್ತ ಹೆಪ್ಪುಗಟ್ಟುವ ಜಾಗವಾದ ಹೃತ್ಕರ್ಣದ ಮೂಲೆಚೀಲವನ್ನು ಮುಚ್ಚುವ ಸಣ್ಣ ಕೆಲಸ 2021ರ ದೊಡ್ಡ ಪ್ರಯೋಗದಲ್ಲಿ ಲಕ್ವಾ ಮತ್ತು ಹೆಪ್ಪಿನ ಹೊಡೆತವನ್ನು ಶೇ. 7ರಿಂದ 4.8ಕ್ಕೆ ಇಳಿಸಿತು. ಅಲ್ಲಿಯೂ ಲೋಹದ ಕವಾಟದವರನ್ನು ಸೇರಿಸಿರಲಿಲ್ಲ, ಹೆಚ್ಚಿನವರು ಗುಳಿಗೆಯನ್ನೂ ನುಂಗುತ್ತಿದ್ದರು.

ಲೋಹದ ಕವಾಟ ಇನ್ನೂ ಹಾಕಿಸಿಕೊಳ್ಳದ ರುಮ್ಯಾಟಿಕ್ ರೋಗಿಗಳಿಗೆ ನೇರವಾಗಿ ಅನ್ವಯಿಸುವ ಸಾಕ್ಷ್ಯ 2022ರದು. ಭಾರತವೂ ಸೇರಿದ 24 ದೇಶಗಳ 4,500ಕ್ಕೂ ಹೆಚ್ಚು ಜನರಲ್ಲಿ ಹೊಸ ಗುಳಿಗೆ ರಿವರೋಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಗುಳಿಗೆಯವರು ಕಡಿಮೆ ಸತ್ತರು. ಆ ಹಳೆಯ ಗುಳಿಗೆಗೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ಅಳೆಯುವ ಐಎನ್‌ಆರ್ ಪರೀಕ್ಷೆ ಬಿಡದೆ ಮಾಡಿಸಬೇಕು. ಒಂದು ವಾರ ರೊಟ್ಟಿಯ ಜೊತೆ ದಿನವೂ ಮೆಂತ್ಯೆ, ರಾಜಗಿರಿ ಪಲ್ಲೆ ಉಂಡು ಮುಂದಿನ ವಾರ ಬಿಟ್ಟರೂ ಅಂಕಿ ಏರುಪೇರಾಗುತ್ತದೆ. ಪಲ್ಲೆ ಬಿಡಬೇಕಿಲ್ಲ, ಒಂದೇ ಹದದಲ್ಲಿ ಉಣ್ಣಬೇಕು. ಇದನ್ನು ತಿಳಿಸಿ ಹೇಳುವ ಕೆಲಸಕ್ಕೆ ಮೇಜ್‌ಗಿರುವ ಪ್ರತಿಷ್ಠೆಯಿಲ್ಲ. ಕಿರಿಯ ವಯಸ್ಸಿನ, ಹೃತ್ಕರ್ಣ ಹೆಚ್ಚು ಹಿಗ್ಗದ, ಕಂಪನ ಶುರುವಾಗಿ ಬಹಳ ದಿನವಾಗದ ರೋಗಿಗೆ ಮೇಜ್ ಮಾಡಲಿ, ಪೇಸ್‌ಮೇಕರ್‌ನ ಸಂಭವವನ್ನು ಮೊದಲೇ ಹೇಳಿ ಮಾಡಲಿ. ಉಳಿದವರ ವಿಷಯದಲ್ಲಿ ಐದನೇ, ಹತ್ತನೇ ವರ್ಷದ ಲಕ್ವಾ, ಪೇಸ್‌ಮೇಕರ್, ಐಎನ್‌ಆರ್, ಹೊಲಕ್ಕೆ ನಡೆದು ಹೋಗುವ ಶಕ್ತಿ, ಇವುಗಳ ಲೆಕ್ಕವನ್ನು ನಮ್ಮ ಆಸ್ಪತ್ರೆಗಳೇ ಛೇದಸಮೇತ ಪ್ರಕಟಿಸುವವರೆಗೆ ಸೇಂಟ್ ಲೂಯಿಸ್‌ನ ಶೇ. 77ನ್ನು ಅವರೆದುರು ಉಚ್ಚರಿಸಬಾರದು.