ಗುರುತು ಹಿಡಿಯದ ಯುದ್ಧಗಳು

ಅಲೆಕ್ಸಾಂಡರನ ದಂಡು ರೋಮಿನ ಮೇಲೆ ಏರಿ ಹೋಗಿದ್ದರೆ ಗೆಲ್ಲುತ್ತಿದ್ದವರು ಯಾರು? ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನ್ ಇತಿಹಾಸಕಾರ ಲಿವಿ ತನ್ನ ಚರಿತ್ರೆಯ ಒಂಬತ್ತನೆಯ ಪುಸ್ತಕದಲ್ಲಿ ನಡೆಯುತ್ತಿದ್ದ ಕಥೆಯನ್ನು ಪಕ್ಕಕ್ಕಿಟ್ಟು ಈ ಪ್ರಶ್ನೆಯನ್ನು ಎತ್ತಿಕೊಂಡ. ಸೈನಿಕರ ಸಂಖ್ಯೆ, ಆಯುಧ, ಸೇನಾಪತಿಗಳ ಯೋಗ್ಯತೆ ಎಲ್ಲವನ್ನೂ ತೂಗಿ ನೋಡಿ ರೋಮಿನ ಪರ ತೀರ್ಪು ಕೊಟ್ಟ. ಅದರಲ್ಲಿ ಆಶ್ಚರ್ಯವಿಲ್ಲ, ತಕ್ಕಡಿ ಹಿಡಿದವನು ರೋಮಿನವನೇ ಆಗಿದ್ದ.

ಲಿವಿ ತೂಗಿದವರು ಒಂದೇ ಕಾಲದವರು, ಮುಖಾಮುಖಿಯಾಗಲಿಲ್ಲ ಅಷ್ಟೆ. ನಮ್ಮ ದಿನಗಳಲ್ಲಿ ಈ ಆಟ ಶತಮಾನಗಳನ್ನೇ ದಾಟಿದೆ. 2009ರಲ್ಲಿ ಅಮೆರಿಕದಲ್ಲಿ ಶುರುವಾದ 'ಡೆಡ್ಲಿಯೆಸ್ಟ್ ವಾರಿಯರ್' ಎಂಬ ಟಿ.ವಿ. ಕಾರ್ಯಕ್ರಮದ ಮೊದಲ ಕಂತಿನಲ್ಲೇ ರೋಮಿನ ಗ್ಲಾಡಿಯೇಟರನನ್ನು ಅಮೆರಿಕದ ಅಪಾಚೆ ಯೋಧನ ಎದುರು ನಿಲ್ಲಿಸಲಾಯಿತು. ಮನುಷ್ಯಾಕಾರದ ಬೊಂಬೆಗಳನ್ನು ಕತ್ತರಿಸಿ, ಚುಚ್ಚಿ, ಗಾಯದ ಆಳ ಅಳೆದು, ಆ ಲೆಕ್ಕವನ್ನು ಕಂಪ್ಯೂಟರಿಗೆ ಉಣಿಸಿ ಸಾವಿರ ಸಲ ಕಾದಾಡಿಸಿದರು. ಅಪಾಚೆ ಗೆದ್ದ. 2017ರಲ್ಲಿ ಬಂದ 'ಅಲ್ಟಿಮೇಟ್ ಎಪಿಕ್ ಬ್ಯಾಟಲ್ ಸಿಮ್ಯುಲೇಟರ್' ಎಂಬ ಕಂಪ್ಯೂಟರ್ ಆಟದಲ್ಲಂತೂ ಬೇರೆ ಬೇರೆ ಕಾಲದ ಪಡೆಗಳನ್ನು ಆರಿಸಿ, ಸಾವಿರಗಳ ಲೆಕ್ಕದಲ್ಲಿ ಒಬ್ಬರ ಮೇಲೊಬ್ಬರನ್ನು ಬಿಟ್ಟು, ಕುಳಿತು ನೋಡಬಹುದು.

ಇವು ಹುಡುಗಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಹುಡುಗರು ಆಡಲಿ, ತಪ್ಪೇನಿಲ್ಲ. ಆದರೆ ಈ ಕಲ್ಪನೆಯ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ಒಬ್ಬ ದೊಡ್ಡ ಲೇಖಕ ಬಹಳ ಹಿಂದೆಯೇ ಬಗೆದು ನೋಡಿದ್ದಾನೆ. ಆತ ಮಾರ್ಕ್ ಟ್ವೈನ್. 1889ರಲ್ಲಿ ಪ್ರಕಟವಾದ ಅವನ 'ಎ ಕನೆಕ್ಟಿಕಟ್ ಯಾಂಕೀ ಇನ್ ಕಿಂಗ್ ಆರ್ಥರ್ಸ್ ಕೋರ್ಟ್' ಕಾದಂಬರಿಯನ್ನು ನಗೆಬರಹವೆಂದೇ ಓದುವವರು ಹೆಚ್ಚು. ಕೊನೆಯ ಅಧ್ಯಾಯಗಳ ತನಕ ಹೋದವರಿಗೆ ಮಾತ್ರ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕಥಾನಾಯಕ ಹ್ಯಾಂಕ್ ಮಾರ್ಗನ್ ಬಂದೂಕು ಕಾರ್ಖಾನೆಯೊಂದರ ಮೇಸ್ತ್ರಿ. ಜಗಳದಲ್ಲಿ ತಲೆಗೆ ಏಟು ಬಿದ್ದು ಮೂರ್ಛೆ ಹೋದವನು ಕಣ್ಣು ತೆರೆದಾಗ ಆರನೆಯ ಶತಮಾನದ ಇಂಗ್ಲೆಂಡಿನಲ್ಲಿರುತ್ತಾನೆ. ಗ್ರಹಣದ ಲೆಕ್ಕ ಗೊತ್ತಿದ್ದುದರಿಂದ ಜೀವ ಉಳಿಸಿಕೊಳ್ಳುತ್ತಾನೆ, ರಾಜನ ಬಲಗೈ ಆಗುತ್ತಾನೆ, ಶಾಲೆ, ಪತ್ರಿಕೆ, ಟೆಲಿಫೋನ್ ತರುತ್ತಾನೆ. ಗುಲಾಮಗಿರಿಯನ್ನು, ಪುರೋಹಿತಶಾಹಿಯನ್ನು ಕಂಡು ಕುದಿಯುತ್ತಾನೆ. ಓದುಗನ ಮನಸ್ಸು ಅವನ ಕಡೆಗೇ ವಾಲುತ್ತದೆ. ಕೊನೆಗೆ ಚರ್ಚು ತಿರುಗಿ ಬಿದ್ದಾಗ ಅವನು ಒಂದು ಗವಿಯಲ್ಲಿ ನೆಲೆ ನಿಂತು, ಸುತ್ತ ವಿದ್ಯುತ್ ತಂತಿಯ ಬೇಲಿ ಕಟ್ಟಿ, ಹದಿಮೂರು ಗ್ಯಾಟ್ಲಿಂಗ್ ಬಂದೂಕುಗಳನ್ನಿಟ್ಟು, ಮೂವತ್ತು ಸಾವಿರ ನೈಟುಗಳಿಗಾಗಿ ಕಾಯುತ್ತಾನೆ. ಅವನ ಜೊತೆ ಇರುವವರು ಶಿಷ್ಯ ಕ್ಲಾರೆನ್ಸ್ ಮತ್ತು ಐವತ್ತೆರಡು ಹುಡುಗರು.

ಈ ಹುಡುಗರ ವಯಸ್ಸು ಹದಿನಾಲ್ಕರಿಂದ ಹದಿನೇಳು. ಅವರು ಹತ್ತೊಂಬತ್ತನೆಯ ಶತಮಾನದಿಂದ ಬಂದವರಲ್ಲ. ಅದೇ ನೆಲದ, ಅದೇ ಆರನೆಯ ಶತಮಾನದ ಮಕ್ಕಳು. ಯುದ್ಧಕ್ಕೆ ಮುನ್ನ ಅವರು ಹ್ಯಾಂಕನ ಬಳಿ ಬಂದು, ಎದುರಿಗೆ ಬರುತ್ತಿರುವವರು ನಮ್ಮವರೇ, ನಮ್ಮ ರಕ್ತಸಂಬಂಧಿಗಳೇ, ನಮ್ಮ ನಾಡನ್ನು ನಮ್ಮ ಕೈಯಿಂದಲೇ ನಾಶ ಮಾಡಿಸಬೇಡ ಎಂದು ಬೇಡಿಕೊಳ್ಳುತ್ತಾರೆ. ಇಡೀ ಕಾದಂಬರಿಯ ನಾಡಿ ಇಲ್ಲಿದೆ ಎಂದು ನನಗನ್ನಿಸುತ್ತದೆ. ಹ್ಯಾಂಕ್ ಅದಕ್ಕೆ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದಾನೆ. ಮುಂದೆ ನಿಂತು ಕಾದುವವರು ನೈಟುಗಳು ಮಾತ್ರ, ಜನಸಾಮಾನ್ಯರಲ್ಲ ಎಂದು ಸಮಾಧಾನ ಹೇಳುತ್ತಾನೆ. ಹುಡುಗರು ಹರ್ಷದಿಂದ ತಮ್ಮ ಜಾಗಕ್ಕೆ ಮರಳುತ್ತಾರೆ. ಗುರುತು ಹಿಡಿದಿದ್ದ ಕಣ್ಣುಗಳಿಗೆ ಒಂದೇ ಮಾತಿನಲ್ಲಿ ಬಟ್ಟೆ ಕಟ್ಟಿದಂತಾಯಿತು.

ಆಮೇಲೆ ನಡೆಯುವುದು ಯುದ್ಧವಲ್ಲ. ಕತ್ತಲಲ್ಲಿ ನೈಟುಗಳು ತಂತಿ ಮುಟ್ಟಿ ಸದ್ದಿಲ್ಲದೆ ಸಾಯುತ್ತಾರೆ, ಹಿಂದೆ ಬರುವವನಿಗೆ ಮುಂದಿನವನು ಸತ್ತದ್ದೇ ತಿಳಿಯುವುದಿಲ್ಲ. ಉಳಿದವರಿಗೆ ಗುಂಡು, ಕಂದಕಕ್ಕೆ ಬಿಟ್ಟ ನೀರು. ಇಪ್ಪತ್ತೈದು ಸಾವಿರ ಹೆಣ. ಗೆದ್ದವರ ಗತಿ? ಗಾಯಾಳುಗಳಿಗೆ ನೆರವಾಗಲು ಹೊರಟ ಹ್ಯಾಂಕನನ್ನು ಗಾಯಾಳುವೊಬ್ಬನೇ ಇರಿಯುತ್ತಾನೆ. ಗವಿಯಿಂದ ಹೊರಗೆ ಹೋಗುವಂತಿಲ್ಲ, ಒಳಗೆ ಇರುವಂತಿಲ್ಲ. ತಾವೇ ಕೊಂದವರ ಹೆಣಗಳ ಗಾಳಿಯಿಂದ ಹುಡುಗರು ಒಬ್ಬೊಬ್ಬರಾಗಿ ಕಾಯಿಲೆ ಬೀಳುತ್ತಾರೆ.

ಟ್ವೈನನಲ್ಲಿ ಕೊರತೆಯೂ ಇದೆ. ಗುಲಾಮರ ಸಂಕೋಲೆಯನ್ನು ಕಣ್ಣಿಗೆ ಕಟ್ಟುವಂತೆ ಬರೆದವನು ಕೊನೆಯ ಕಾಳಗದಲ್ಲಿ ಸಾಯುವ ನೈಟುಗಳಿಗೆ ಮುಖ ಕೊಡುವುದಿಲ್ಲ. ಕಥೆ ಹೇಳುವವನು ಮೇಸ್ತ್ರಿ, ಅವನಿಗೆ ಕಾಣುವುದು ಉತ್ಪಾದನೆಯ ಲೆಕ್ಕ ಎಂದು ಸಮರ್ಥಿಸಬಹುದು. ಆದರೂ ಆ ಸಾವಿರಾರು ಮಂದಿಯಲ್ಲಿ ಒಬ್ಬನಾದರೂ ಒಬ್ಬ ಹುಡುಗನಿಗೆ ಅಣ್ಣನೋ ಮಾವನೋ ಆಗಿ ಕಂಡಿದ್ದರೆ ಆ ಬೇಡಿಕೆ ಕಾದಂಬರಿಯ ಕೊನೆಯವರೆಗೂ ಉಳಿಯುತ್ತಿತ್ತು.

ಕಾದಂಬರಿ ಬಂದು ಒಂಬತ್ತೇ ವರ್ಷಕ್ಕೆ, 1898ರ ಸೆಪ್ಟೆಂಬರ್ 2ರಂದು, ಸುಡಾನಿನ ಓಮ್ದುರ್ಮಾನ್ ಬಳಿ ಅದು ನಿಜವಾಯಿತು. ಖಲೀಫಾ ಅಬ್ದುಲ್ಲಾಹಿಯ ಸುಮಾರು ಐವತ್ತು ಸಾವಿರ ಜನ ಕಿಚನರನ ಸೇನೆಯ ಮ್ಯಾಕ್ಸಿಮ್ ಬಂದೂಕುಗಳು, ಫಿರಂಗಿಗಳು, ನೈಲ್ ನದಿಯ ಯುದ್ಧದೋಣಿಗಳ ಎದುರು ಬಯಲಲ್ಲಿ ನಡೆದು ಬಂದರು. ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಕಿಚನರನ ಕಡೆ ಸತ್ತವರು ಐವತ್ತರ ಆಸುಪಾಸು. ಅಂದು ಅಲ್ಲಿದ್ದ ಯುವ ಚರ್ಚಿಲ್ ಮರುವರ್ಷ 'ದಿ ರಿವರ್ ವಾರ್' ಬರೆದ. ಗಾಯಾಳುಗಳನ್ನು ನಡೆಸಿಕೊಂಡ ಬಗೆಯನ್ನೂ ಮೆಹದಿಯ ಗೋರಿಯನ್ನು ಕೆಡವಿದ್ದನ್ನೂ ಅವನೇ ಟೀಕಿಸಿದ.

ಈ ಕಾಳಗವನ್ನು ಎರಡು ಯುಗಗಳ ಘರ್ಷಣೆ ಎಂದು ಬಣ್ಣಿಸುವುದು ರೂಢಿ. ಒಂದು ಕಡೆ ಮಧ್ಯಯುಗ, ಇನ್ನೊಂದು ಕಡೆ ಆಧುನಿಕ ಯುಗ ಎಂದು. ಆದರೆ ಅಂದು ಸೂರ್ಯ ಹುಟ್ಟಿದ್ದು ಇಬ್ಬರಿಗೂ 1898ರಲ್ಲೇ. ಖಲೀಫಾನ ಜನರ ಬಳಿಯೂ ಸಾವಿರಾರು ಬಂದೂಕುಗಳಿದ್ದವು. ಇನ್ನು ಕಿಚನರನ ಸುಮಾರು ಇಪ್ಪತ್ತೈದು ಸಾವಿರ ಸೈನಿಕರಲ್ಲಿ ಮೂರರಲ್ಲಿ ಎರಡು ಪಾಲು ಈಜಿಪ್ಟ್ ಮತ್ತು ಸುಡಾನಿನವರೇ. ಟ್ವೈನನ ಐವತ್ತೆರಡು ಹುಡುಗರು ಇಲ್ಲಿ ಸಾವಿರಗಳಾಗಿ ನಿಂತಿದ್ದರು. ಎದುರಾಳಿಯನ್ನು ಬೇರೆ ಕಾಲದವನು ಎಂದು ಕರೆಯುವುದು ಗೆದ್ದವನ ಭಾಷೆ. ಕೊಲ್ಲುವುದಕ್ಕೆ ಮೊದಲು ಅವನನ್ನು ತನ್ನ ಕಾಲದಿಂದ ಹೊರಗೆ ಹಾಕಿಬಿಟ್ಟರೆ ಗುರುತು ಹಿಡಿಯುವ ಕಷ್ಟ ತಪ್ಪುತ್ತದೆ.

ನಮ್ಮ ಶ್ರೀರಂಗಪಟ್ಟಣದ ಕಥೆಯೂ ಇದಕ್ಕೆ ಹೊರತಲ್ಲ. 1799ರಲ್ಲಿ ಅದನ್ನು ಮುತ್ತಿದ ಕಂಪನಿ ಸೇನೆಯಲ್ಲಿ ಬಹುಪಾಲು ಸಿಪಾಯಿಗಳು ಈ ನೆಲದವರು, ಜೊತೆಗೆ ನಿಜಾಮನ ದಂಡೂ ಇತ್ತು. ಸೋತವರನ್ನು ಹಿಂದಿನ ಕಾಲದವರೆನ್ನಲೂ ಆಗದು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಆಧಾರವಾಗಿಟ್ಟುಕೊಂಡೇ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಳೆಯ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು.

ಯುಗಗಳನ್ನು ದಾಟಿದ ಕಾಳಗ ನಮ್ಮ ಜನರ ಕಲ್ಪನೆಗೆ ಹೊಸದಲ್ಲ. ಯಕ್ಷಗಾನ, ತಾಳಮದ್ದಲೆಗಳ 'ಜಾಂಬವತಿ ಕಲ್ಯಾಣ'ವನ್ನೇ ನೋಡಿ. ಶಮಂತಕ ಮಣಿಯನ್ನು ಹುಡುಕಿಕೊಂಡು ಗವಿ ಹೊಕ್ಕ ದ್ವಾಪರದ ಕೃಷ್ಣನಿಗೆ ತ್ರೇತಾಯುಗದ ಜಾಂಬವಂತ ಎದುರಾಗುತ್ತಾನೆ. ಭಾಗವತದ ಪ್ರಕಾರ ಹೊಡೆದಾಟ ಇಪ್ಪತ್ತೆಂಟು ದಿನ ನಡೆಯುತ್ತದೆ. ಅದು ಮುಗಿಯುವುದು ಒಬ್ಬ ಸತ್ತು ಬಿದ್ದಾಗ ಅಲ್ಲ, ಎದುರಿಗಿರುವವನು ತನ್ನ ರಾಮನೇ ಎಂದು ಮುದುಕ ಗುರುತು ಹಿಡಿದಾಗ. 'ಶರಸೇತು ಬಂಧನ'ದಲ್ಲಿ ಅರ್ಜುನನಿಗೂ ಹನುಮಂತನಿಗೂ ಪಂಥ. ಬಾಣದ ಸೇತುವೆ ಮುರಿಯುತ್ತದೆ, ಸೋತ ಅರ್ಜುನ ಬೆಂಕಿಗೆ ಹಾರಲು ಹೊರಡುತ್ತಾನೆ. ಆಗ ಬಂದ ಕೃಷ್ಣ, ಸಾಕ್ಷಿಯಿಲ್ಲದ ಪಂಥ ಪಂಥವೇ ಅಲ್ಲ ಎನ್ನುತ್ತಾನೆ. ಕೊನೆಗೆ ಹನುಮಂತ ಅದೇ ಅರ್ಜುನನ ಬಾವುಟದಲ್ಲಿ ಕೂರುತ್ತಾನೆ. ಉರ್ದುವಿನ 'ದಾಸ್ತಾನೆ ಅಮೀರ್ ಹಮ್ಜಾ'ದಲ್ಲೂ ಹಮ್ಜಾನೊಡನೆ ಸೆಣಸಿ ಸೋತ ಹಿಂದೂಸ್ತಾನದ ಲಂಧೌರ್ ಮುಂದೆ ಅವನ ಜೀವದ ಗೆಳೆಯನಾಗುತ್ತಾನೆ. ಗಾಯದ ಆಳವನ್ನಷ್ಟೇ ಅಳೆಯುವ ಯಂತ್ರಕ್ಕೆ ಸಾವಿರ ಸಲ ಕಾದಾಡಿಸಿದರೂ ಈ ಮುಕ್ತಾಯ ಹೊಳೆಯುವುದಿಲ್ಲ.

ಇದನ್ನೆಲ್ಲ ಹೇಳಬೇಕಾಗಿ ಬಂದದ್ದು ಸಾಹಿತ್ಯದ ಚಪಲದಿಂದಲ್ಲ. ಟಿಪ್ಪು ಸುಲ್ತಾನ್ ಸತ್ತದ್ದು 1799ರಲ್ಲಿ, ಸಾವರ್ಕರ್ ಹುಟ್ಟಿದ್ದು 1883ರಲ್ಲಿ. ಅವರಿಬ್ಬರ ನಡುವೆ ಎಂಬತ್ತನಾಲ್ಕು ವರ್ಷಗಳಿವೆ. ಆದರೆ 2022ರ ಆಗಸ್ಟ್ 15ರಂದು ಶಿವಮೊಗ್ಗದ ಬೀದಿಯಲ್ಲಿ ಅವರ ಚಿತ್ರಗಳು ಎದುರುಬದುರಾದವು. ಫ್ಲೆಕ್ಸ್ ಕಟ್ಟುವ ಜಗಳದಿಂದ ಶುರುವಾದ ಆ ದಿನ ಯುವಕನೊಬ್ಬನಿಗೆ ಚೂರಿ ಇರಿಯುವಲ್ಲಿಗೆ ಮುಟ್ಟಿತು, ನಿಷೇಧಾಜ್ಞೆ ಬಂತು. ಎಂದೂ ಭೇಟಿಯಾಗದವರ ಕಾಳಗದಲ್ಲಿ ರಕ್ತ ಹರಿದದ್ದು ಒಂದೇ ಊರಿನ ಹುಡುಗರದು.

ಬೇರೆ ಬೇರೆ ಕಾಲದವರನ್ನು ಕಾದಾಡಿಸುವ ಕಥೆಗಾರನಿಗೂ ಭಾಷಣಕಾರನಿಗೂ ಓದುಗರು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಗೆದ್ದವರು ಯಾರು ಎಂಬುದು ಹಾಗಿರಲಿ, ಬಂದೂಕನ್ನು ನೀವು ಕೊಟ್ಟದ್ದು ಯಾರ ಮಕ್ಕಳ ಕೈಗೆ? ಆ ಮಕ್ಕಳು, ಎದುರಿಗಿರುವವರು ನಮ್ಮವರೇ ಎಂದು ಬಂದು ಹೇಳಿದಾಗ ನೀವು ಕೊಟ್ಟ ಉತ್ತರವೇನು?