ರಹೀಮ್ ಸಾಹೇಬರ ಎಡಗಾಲಿನ ಪಾಠ

ಹೈದರಾಬಾದಿನ ಶಾಲಾ ಮೇಷ್ಟ್ರು ಸೈಯದ್ ಅಬ್ದುಲ್ ರಹೀಮ್ ಫುಟ್‌ಬಾಲ್ ಕಲಿಸುತ್ತಿದ್ದ ರೀತಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಬಲಗಾಲಿನ ಆಟಗಾರರು ಎಡಗಾಲಿನಲ್ಲಷ್ಟೇ ಚೆಂಡು ಒದೆಯಬೇಕಾದ ಪಂದ್ಯಾವಳಿಗಳನ್ನೇ ಅವರು ನಡೆಸಿದರು. ಮೊದಮೊದಲು ಹುಡುಗರು ತಡವರಿಸುತ್ತಾರೆ, ಒದ್ದ ಚೆಂಡು ಎತ್ತಲೋ ಹೋಗುತ್ತದೆ. ಆದರೆ ಸೊರಗಿದ ಕಾಲಿಗೆ ಬಲ ಬರಲು ಇದಕ್ಕಿಂತ ನೇರವಾದ ದಾರಿ ಯಾವುದಿದೆ? ಬೈದು ತಿದ್ದುವ ಕೋಚ್‌ಗಳು ಬಹಳ ಮಂದಿ. ಆಡಿಸಿಯೇ ತಿದ್ದುವವರು ಅಪರೂಪ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದದ್ದು ಅವರ ಗರಡಿಯಲ್ಲಿ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಂತೂ, ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಮುಂಚೂಣಿಗೆ ಕಳುಹಿಸಿದರು. ಜರ್ನೈಲ್ ಗೋಲು ಹೊಡೆದರು. ದಕ್ಷಿಣ ಕೊರಿಯಾ ವಿರುದ್ಧ 2-1ರಿಂದ ಚಿನ್ನ ನಮ್ಮದಾಯಿತು. ಮುಂದಿನ ವರ್ಷವೇ ಕ್ಯಾನ್ಸರ್ ರಹೀಮ್‌ರನ್ನು ಕೊಂಡೊಯ್ದಿತು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅಪ್ಪ-ಮಗನ ಸಂಗತಿ. ಮಗ ಹಕೀಮ್ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಕೋಚ್ ಸ್ವತಃ ಅಪ್ಪ. ಆದರೂ ಒಂದು ಪಂದ್ಯದಲ್ಲೂ ಕಣಕ್ಕಿಳಿಯುವ ಅವಕಾಶ ಹಕೀಮ್‌ಗೆ ಸಿಗಲಿಲ್ಲ. ಹಾಗೆಂದು ಮಗ ಆಟವನ್ನು ಬಿಡಲಿಲ್ಲ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದ ಅವರು ಫಿಫಾ ರೆಫರಿಯಾದರು, ಕೋಚ್ ಆದರು, 2017ರಲ್ಲಿ ಧ್ಯಾನ್ ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.