ನಾವೇ ಕೇಳಿ ಪಡೆದ ಕಲಂ

ಉರ್ದುವಿನಲ್ಲಿ ಕಲಂ ಎಂದರೆ ಲೇಖನಿ. ಕನ್ನಡದ ಕೋರ್ಟು ಕಚೇರಿಗಳಲ್ಲಿ ಕಲಂ ಎಂದರೆ ಕಾನೂನಿನ ಸೆಕ್ಷನ್. ಬರೆಯುವವರ ಮೇಲೆ ಕೇಸು ಬಿದ್ದಾಗಲೆಲ್ಲ ನಾವು ಸರಕಾರವನ್ನು ದೂರುತ್ತೇವೆ. ದೂರಬೇಕಾದದ್ದೇ. ಆದರೆ ಅಂಥ ಒಂದು ಕಲಮನ್ನು ನಮ್ಮ ಹಿರಿಯರೇ ಬೀದಿಗಿಳಿದು ಕೇಳಿ ಪಡೆದಿದ್ದರು ಎಂಬುದನ್ನು ಮರೆತುಬಿಟ್ಟಿದ್ದೇವೆ.

1924ರಲ್ಲಿ ಲಾಹೋರಿನ ಪ್ರಕಾಶಕ ರಾಜಪಾಲ್ ಅವರು ಪ್ರವಾದಿ(ಸ)ಯವರನ್ನು ಹೀಯಾಳಿಸುವ ಕಿರುಹೊತ್ತಗೆಯೊಂದನ್ನು ಹೊರತಂದರು. ಅಂದಿನ ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯಿಲ್ಲವೆಂದು 1927ರಲ್ಲಿ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. ತೀರ್ಪನ್ನು ಟೀಕಿಸಿದ 'ಮುಸ್ಲಿಂ ಔಟ್‌ಲುಕ್' ಪತ್ರಿಕೆಯ ಸಂಪಾದಕರು ನ್ಯಾಯಾಂಗ ನಿಂದನೆಗಾಗಿ ಜೈಲು ಸೇರಿದರು. ಸಮುದಾಯಕ್ಕಾದ ನೋವು ನಿಜವಾದದ್ದೇ. ಆ ಒತ್ತಡದಲ್ಲಿ ಅದೇ ವರ್ಷ ದಂಡ ಸಂಹಿತೆಗೆ 295ಎ ಸೇರಿತು. ಮಸೂದೆಯನ್ನು ಬೆಂಬಲಿಸುತ್ತಲೇ ಜಿನ್ನಾ ಅವರು, ಸತ್ಯ ಹುಡುಕುವ ಇತಿಹಾಸಕಾರರಿಗೂ ಪ್ರಾಮಾಣಿಕ ವಿಮರ್ಶಕರಿಗೂ ರಕ್ಷಣೆ ಇರಬೇಕೆಂದು ಶಾಸನಸಭೆಯಲ್ಲಿ ಎಚ್ಚರಿಸಿದ್ದರು. ಕಾನೂನು ಬಂದ ಮೇಲೂ, 1929ರಲ್ಲಿ, ರಾಜಪಾಲ್ ಕೊಲೆಯಾದರು.

ಜಿನ್ನಾ ಅವರ ಆತಂಕ ಆರೇ ವರ್ಷಗಳಲ್ಲಿ ನಿಜವಾಯಿತು. 1932ರ ಕೊನೆಗೆ ಲಖನೌದಲ್ಲಿ 'ಅಂಗಾರೆ' ಎಂಬ ಉರ್ದು ಕಥಾಸಂಕಲನ ಪ್ರಕಟವಾಯಿತು. ಬರೆದವರು ಸಜ್ಜಾದ್ ಜಹೀರ್, ಅಹ್ಮದ್ ಅಲಿ, ರಶೀದ್ ಜಹಾನ್ ಮತ್ತು ಮಹ್ಮೂದುಜ್ಜಫರ್. ನಾಲ್ವರೂ ನಮ್ಮ ಮನೆಯ ಮಕ್ಕಳೇ. ಮೌಲವಿಗಳ ಪ್ರತಿಭಟನೆ ಕಂಡ ಸರಕಾರ 1933ರ ಮಾರ್ಚಿನಲ್ಲಿ ಇದೇ ಕಲಂ ಹಿಡಿದು ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು.

1957ರಲ್ಲಿ 'ಗೋರಕ್ಷಕ್' ಮಾಸಿಕದ ಸಂಪಾದಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 295ಎ ಕಲಮನ್ನು ಎತ್ತಿಹಿಡಿಯಿತು. ಬೇಕೆಂದೇ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಅದು ಅನ್ವಯವೆಂದೂ ಹೇಳಿತು. ಆದರೆ ದುರುದ್ದೇಶವಿತ್ತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ವಿಚಾರಣೆಯ ಕೊನೆಗೆ. ಬಂಧನ ಮಾತ್ರ ಮೊದಲೇ ಆಗಿಬಿಡುತ್ತದೆ. ಇದು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ಬರೆಯುವವರನ್ನು ಬಾಯಿ ಮುಚ್ಚಿಸಲು ತೀರ್ಪು ಬೇಕಿಲ್ಲ, ಎಫ್‌ಐಆರ್ ಸಾಕು.

2022ರ ಜೂನ್ 27ರಂದು 'ಆಲ್ಟ್ ನ್ಯೂಸ್'ನ ಮುಹಮ್ಮದ್ ಜುಬೇರ್ ಅವರನ್ನು 2018ರ ಒಂದು ಟ್ವೀಟಿಗಾಗಿ ದೆಹಲಿ ಪೊಲೀಸರು ಬಂಧಿಸಿದರು. ಉತ್ತರ ಪ್ರದೇಶದ ಹಲವು ಊರುಗಳಲ್ಲೂ ಅವರ ಮೇಲೆ ಕೇಸುಗಳಿದ್ದವು. ಆ ಕೇಸುಗಳಲ್ಲಿ ಕೆಲವುಗಳಲ್ಲೂ ಇದೇ 295ಎ ಇತ್ತು. ಜುಲೈ 20ರಂದು ಸುಪ್ರೀಂ ಕೋರ್ಟು ಜಾಮೀನು ಕೊಟ್ಟ ಮೇಲೆಯೇ ಅವರು ಹೊರಬಂದರು. ನಾವು ಅಂದು ಕೇಳಿ ಪಡೆದ ಕಲಂ ನಮ್ಮವನನ್ನೇ ಹುಡುಕಿಕೊಂಡು ಬಂದಿತ್ತು.

2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಸಂಖ್ಯೆ ಬದಲಾಗಿದೆ, ತಿರುಳು ಬದಲಾಗಿಲ್ಲ. ಜುಬೇರ್ ಪರ ನಿಂತ ನಾವು, ನಮಗೆ ಹಿಡಿಸದ ಕತೆಯೊಂದು ಅಚ್ಚಾದಾಗಲೂ ಅದೇ ಮಾತನ್ನು ಆಡಬಲ್ಲೆವೇ? 1986ರ ಡಿಸೆಂಬರಿನಲ್ಲಿ ಬೆಂಗಳೂರಿನ ಪತ್ರಿಕೆಯೊಂದು ಪ್ರಕಟಿಸಿದ ಕತೆಯ ತಲೆಬರಹದಲ್ಲಿದ್ದ ಹೆಸರನ್ನು ಕಂಡೇ ನಾವು ಬೀದಿಗಿಳಿದೆವು. ಗಲಭೆಯಲ್ಲಿ ಜೀವಗಳು ಹೋದವು. ಕತೆ ಪ್ರವಾದಿ(ಸ)ಯವರದ್ದಾಗಿರಲೇ ಇಲ್ಲ.

ತಾಇಫ್‌ನಲ್ಲಿ ಕಲ್ಲೇಟು ತಿಂದೂ ಶಪಿಸದವರ ಅನುಯಾಯಿಗಳು ನಾವು. ನೋವಾದಾಗ ಠಾಣೆಗೆ ಹೋಗುವ ಮೊದಲು ಉತ್ತರ ಬರೆಯೋಣ. ನಮ್ಮ ಕೈಯಲ್ಲೂ ಒಂದು ಕಲಂ ಇದೆಯಲ್ಲ.